ಬಾಳೆಗೊನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ಮಂಗಳೂರಿನ ಮಳೆಗಾಲದಲ್ಲಿ ಬಾಳೆಗೊನೆ ತಂದು ತೂಗುಹಾಕಿದರೆ ಮೂರನೇ ದಿನಕ್ಕೆ ಹಣ್ಣಿನ ನೊಣಗಳು ಹಾಜರು. ಮೊನ್ನೆ ಕದ್ರಿಯ ನಮ್ಮ ಮನೆಯಲ್ಲಿ ಅವನ್ನು ಓಡಿಸಲು ಹೋದವನು ಟಾರ್ಚ್ ಹಿಡಿದು ಸುಮ್ನೆ ನೋಡುತ್ತ ನಿಂತೆ.

ಒಂದು ಗಂಡು ಒಂದು ಹೆಣ್ಣಿನ ಬೆನ್ನು ಹತ್ತಿತ್ತು. ಎಳ್ಳುಕಾಳಿನಷ್ಟು ದೇಹ, ಗತ್ತು ಮಾತ್ರ ಯಕ್ಷಗಾನದ ರಾಜವೇಷದ್ದು. ಮುಂಗಾಲಿನಿಂದ ಮೆಲ್ಲ ತಟ್ಟಿತು. ಒಂದೇ ರೆಕ್ಕೆ ಅಗಲಿಸಿ ನಡುಗಿಸಿತು. ಅದು ಹಾಡಂತೆ! ನನಗೇನೂ ಕೇಳಲಿಲ್ಲ. ಹೆಣ್ಣಿಗೆ ಕಿವಿ ಇರುವುದು ಕುಡಿಮೀಸೆಯಲ್ಲಿ, ಅಂದರೆ ತಲೆಯ ಮೇಲಿನ ಆಂಟೆನಾದಲ್ಲಿ.

ಹೆಣ್ಣೋ, ತನ್ನ ಪಾಡಿಗೆ ನಡೆಯುತ್ತಿತ್ತು. ಪಾಪ, ಅದಕ್ಕೇನೂ ಗೊತ್ತಾಗುತ್ತಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ನಡಿಗೆ ನಿಧಾನವಾಯಿತೋ, ಅರ್ಧ ಒಪ್ಪಿದಂತೆ. ಇಷ್ಟವಿಲ್ಲದಿದ್ದರೆ ಒದೆ, ಓಟ, ಇಲ್ಲವೇ ಒಂದೇ ಜಿಗಿತ.

ಹೆಣ್ಣುನೊಣದ ಇಡೀ ಮಿದುಳಿನ ನಕ್ಷೆ 2024ರಲ್ಲಿ ಬಂತು. ಸುಮಾರು 1,40,000 ನರಕೋಶ. ಅದರಲ್ಲಿ ಪಿಸಿ1 ಎಂಬ ಬೆರಳೆಣಿಕೆಯ ಕೋಶಗಳು ಇವಳ ಮನಸ್ಸನ್ನು ಕಾಯುತ್ತವೆ. ಮನಸ್ಸಿದ್ದು, ಹಾಡು ತನ್ನ ಜಾತಿಯದೇ ಆಗಿದ್ದರೆ, ಮಿದುಳಿನಿಂದ ಕೆಳಗಿಳಿಯುವ ಇನ್ನೊಂದು ಜೋಡಿ ಕೋಶಕ್ಕೆ ಅಪ್ಪಣೆ ಸಿಗುತ್ತದೆ. ಆಗ ಹೊಟ್ಟೆಯ ತುದಿಯ ಬಾಗಿಲು ತೆರೆಯುತ್ತದೆ. ಹಾಡು ಎಷ್ಟೇ ಚೆನ್ನಾಗಿರಲಿ, ಮನಸ್ಸಿಲ್ಲದಿದ್ದರೆ ಬಾಗಿಲಿಲ್ಲ.

ಮದುವೆಯ ಮೇಲೆ ಕತೆ ಬೇರೆ. ವೀರ್ಯದ ಜೊತೆ ಗಂಡು ಒಂದು ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನ್ ತುಣುಕು, ದಾಟಿಸಿರುತ್ತದೆ. ಅದು ಗರ್ಭಾಶಯದ ಬಳಿಯ ನರಗಳ ಬಾಯಿ ಮುಚ್ಚಿಸುತ್ತದೆ, ಅತ್ತ ಪಿಸಿ1 ಕೂಡ ತಣ್ಣಗಾಗುತ್ತದೆ. ಆಮೇಲೆ ಹಲವು ದಿನ ಯಾವ ಗಾಯಕ ಬಂದರೂ, ಮೊಟ್ಟೆ ಇಡುವ ನಳಿಗೆಯನ್ನು ಹೊರಗೆ ಚಾಚಿ ಅವಳು 'ಆಗ್ಲಿಕ್ಕಿಲ್ಲ' ಅನ್ನುತ್ತಾಳೆ. ಗಂಡಿನ ಕರಾಮತ್ತು ನೋಡಿ; ಬೀಗ ಹಾಕಿಯೇ ಹೊರಟದ್ದು.

"ಎಂತ ಮಾಡ್ತಾ ಇದ್ದಿ ಮಾರಾಯ ಅಲ್ಲಿ? ಹಣ್ಣು ಕೊಳೀತಾ ಉಂಟು," ಎಂದು ದೊಡ್ಡಮ್ಮ ಬಂದರು. ಎಲ್ಲ ವಿವರಿಸಿದೆ. ಬೀಗದ ವಿಷಯ ಮಾತ್ರ ಬಿಟ್ಟೆ. ಅವರು ಮುಸಿ ಮುಸಿ ನಕ್ಕರು.

"ನೋಡ್ಲಿಕ್ಕೆ ಬಂದ ಮೊದಲ ಇಬ್ಬರಿಗೆ ನಾನು ಕಾಫಿ ಕೊಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರ್ಲೇ ಇಲ್ಲ. ತಲೆನೋವು ಅಂತ ಅಪ್ಪನಿಗೆ ಹೇಳಿದ್ದೆ."

"ದೊಡ್ಡಪ್ಪ ಬಂದಾಗ?"

"ಗೋಳಿಬಜೆ ಇನ್ನೊಂದು ಪ್ಲೇಟು ತಂದುಕೊಟ್ಟೆ," ಎಂದು ಹಣ್ಣಿನ ಮೇಲೆ ಪಟಪಟ ಟವೆಲ್ ಬೀಸಿದರು.