ಬಗೆಹರಿದಿಲ್ಲ, ಕೈ ಕೈ ಮಿಲಾಯಿಸಲಿಲ್ಲ ಅಷ್ಟೆ

ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟ ನ್ಯಾಟೋ ಬಗ್ಗೆ ನಿಮ್ಮ ಲೇಖನ ಓದಿದೆ. 2020ರಲ್ಲಿ ಹಾಟ್‌ಲೈನ್ (ಎರಡೂ ಸೇನೆಗಳ ನಡುವೆ ನೇರ ಫೋನ್) ಹಾಕಿ ತನ್ನದೇ ಸದಸ್ಯರಾದ ಗ್ರೀಸ್-ಟರ್ಕಿ ಜಗಳವನ್ನು ನ್ಯಾಟೋ ಬಗೆಹರಿಸಿತು ಅಂತ ಬರೆದಿದ್ದೀರಲ್ಲ, ಅದೊಂದನ್ನು ಒಪ್ಪೋಕೆ ಆಗಲ್ಲ. ಆ ಆಗಸ್ಟ್‌ನಲ್ಲಿ ಎರಡೂ ದೇಶಗಳ ಯುದ್ಧನೌಕೆಗಳು ಒಂದಕ್ಕೊಂದು ತಾಗಿದ್ದವು. ಅಕ್ಟೋಬರ್‌ನಲ್ಲಿ ಬಂದ ಹಾಟ್‌ಲೈನ್ ಇಂಥ ಅವಘಡ ತಪ್ಪಿಸೋಕೆ ಮಾತ್ರ. ಸಮುದ್ರದಲ್ಲಿ ಯಾರ ಗಡಿ ಎಲ್ಲಿಯವರೆಗೆ ಅನ್ನೋ ಮೂಲ ತಕರಾರು ಹಾಗೇ ಇದೆ.

ನಾನು ಸಿಂಧನೂರು ಕಡೆಯವನು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ. ನಮ್ಮಲ್ಲೂ ಇದೇ ಕಥೆ. ಮೇಲಿನವರು ರಾತ್ರಿ ತೂಬು ಎತ್ತಿದರೆ ನೀರಗಂಟಿಗೆ ಫೋನ್ ಹೋಗುತ್ತದೆ. ಆತ ಬ್ಯಾಟರಿ ಹಿಡಿದು ಬಂದು ಇಳಿಸಿ ಹೋಗುತ್ತಾನೆ. ಬಡಿದಾಟ ತಪ್ಪುತ್ತದೆ. ನಮ್ಮ ಭತ್ತಕ್ಕೆ ನೀರು ಬಂತಾ ಅಂದರೆ... ಬಿಡಿ.

ಇನ್ನೊಂದು ಮಾತು. ಜಗಳವಾಡುವ ಸದಸ್ಯರನ್ನು ಹೊರಹಾಕೋಣ ಅಂದರೆ ಅಂಥ ನಿಯಮವೇ ನ್ಯಾಟೋ ಒಪ್ಪಂದದಲ್ಲಿಲ್ಲ. ಸೈಪ್ರಸ್ ದ್ವೀಪಕ್ಕೆ ಟರ್ಕಿ ಸೇನೆ ನುಗ್ಗಿದ್ದಕ್ಕೆ ಸಿಟ್ಟಾದ ಗ್ರೀಸ್ 1974ರಲ್ಲಿ ತಾನೇ ನ್ಯಾಟೋದ ಸೇನಾ ವ್ಯವಸ್ಥೆಯಿಂದ ಎದ್ದು ಹೋಗಿತ್ತು, ವಾಪಸ್ ಬಂದಿದ್ದು 1980ರಲ್ಲಿ. ಮೇಲಾಗಿ ಅಲ್ಲಿ ಯಾವ ನಿರ್ಧಾರಕ್ಕೂ ಎಲ್ಲ ಸದಸ್ಯರೂ ಹೂಂ ಅನ್ನಬೇಕು. ಟರ್ಕಿ, ಹಂಗೇರಿ ತಡ ಮಾಡಿದ್ದಕ್ಕೆ 2022ರಲ್ಲಿ ಸೇರೋಕೆ ಅರ್ಜಿ ಹಾಕಿದ ಸ್ವೀಡನ್ 2024ರ ಮಾರ್ಚ್‌ವರೆಗೆ ಬಾಗಿಲಲ್ಲೇ ನಿಂತಿತ್ತು. ಇದನ್ನು ಸುಮ್ನೆ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ.