ಅದು ಬರೀ ಹಿನ್ನೆಲೆಯಲ್ಲ

ನೈಜೀರಿಯಾದ ಲೇಖಕಿ ಚಿಮಮಾಂಡ ಅಡೀಚಿ ಅವರ ಕಾದಂಬರಿ ‘ಪರ್ಪಲ್ ಹೈಬಿಸ್ಕಸ್’ (2003) ಬಗ್ಗೆ ಬರೆಯುತ್ತಾ, ಆ ದೇಶದ ಸೇನಾ ದಂಗೆ ಅದರಲ್ಲಿ ಬರೀ ಹಿನ್ನೆಲೆ, ನಿಜವಾದ ಕಥೆ ಮನೆಯೊಳಗಿನದು ಅಂದಿದ್ದೀರಿ. ನನಗೆ ಹಾಗನ್ನಿಸಲಿಲ್ಲ.

ಕಥೆ ಹೇಳುವ 15 ವರ್ಷದ ಹುಡುಗಿ ಕಾಂಬಿಲಿಯ ಅಪ್ಪ ಯೂಜೀನ್‌ನನ್ನೇ ನೋಡಿ. ಸೇನಾ ಸರ್ಕಾರಕ್ಕೆ ಹೆದರದೆ ಪತ್ರಿಕೆ ನಡೆಸುವ ದೊಡ್ಡ ಮನುಷ್ಯ. ಮನೆಯಲ್ಲಿ ಮಾತ್ರ ಮಕ್ಕಳು ಯಾವಾಗ ಓದಬೇಕು, ಯಾವಾಗ ಮಲಗಬೇಕು ಅಂತ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾನೆ. ತಪ್ಪಿದರೆ ಏಟು. ಅಜ್ಜ ಕ್ರೈಸ್ತನಾಗಲಿಲ್ಲ ಅಂತ, ಮೊಮ್ಮಕ್ಕಳು ಅವನ ಮನೆಯಲ್ಲಿ 15 ನಿಮಿಷಕ್ಕಿಂತ ಜಾಸ್ತಿ ಇರುವ ಹಾಗಿಲ್ಲ! ಹೊರಗೆ ಸರ್ವಾಧಿಕಾರವನ್ನು ಎದುರಿಸುವವನು ಒಳಗೆ ತಾನೇ ಸರ್ವಾಧಿಕಾರಿ. ಇವೆರಡನ್ನು ಬೇರೆ ಮಾಡಿ ಓದಿದರೆ ಕಾದಂಬರಿಯ ಅರ್ಧ ಖಾರವೇ ಹೋಗುತ್ತದೆ, ಅಲ್ವಾ?

ಯೂಜೀನ್‌ನ ಪತ್ರಿಕೆಯ ಸಂಪಾದಕ ಪಾರ್ಸೆಲ್ ಬಾಂಬಿಗೆ ಬಲಿಯಾಗುವ ಪ್ರಸಂಗವೂ ಸುಮ್ನೆ ಕಟ್ಟಿದ್ದಲ್ಲ. 1986ರಲ್ಲಿ ಲಾಗೋಸ್‌ನಲ್ಲಿ ಪತ್ರಕರ್ತ ಡೆಲೆ ಗಿವಾ ಸತ್ತಿದ್ದು ಹೀಗೇ.

ನನಗೆ ಹೆಚ್ಚು ಇಷ್ಟವಾಗಿದ್ದು ಕಾಂಬಿಲಿ ಎನ್‌ಸುಕ್ಕಾ ಎಂಬ ಊರಿಗೆ ಹೋಗಿ ಸೋದರತ್ತೆಯ ಮನೆಯಲ್ಲಿರುವ ಭಾಗ. ಆ ಅತ್ತೆ ಇಫೆಯೋಮಾ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವಳು. ಪೆಟ್ರೋಲ್ ಸಿಗುವುದಿಲ್ಲ, ಸಂಬಳ ಸರಿಯಾಗಿ ಬರುವುದಿಲ್ಲ. ಆದರೂ ಅವಳ ಮಕ್ಕಳು ಊಟಕ್ಕೆ ಕೂತು ಜೋರಾಗಿ ವಾದ ಮಾಡುತ್ತಾರೆ, ನಗುತ್ತಾರೆ. ಕಾಂಬಿಲಿಗೆ ಅಲ್ಲಿ ದನಿಯೇ ಹೊರಡುವುದಿಲ್ಲ. ಒಂದು ದಿನ ಸೊಪ್ಪು ಬಿಡಿಸುವ ವಿಷಯಕ್ಕೆ ಅತ್ತೆಯ ಮಗಳು ಅಮಾಕಾ ರೇಗಿದಾಗ, ಕಿರುಚಬೇಡ, ನನಗೆ ಬರಲ್ಲ, ಹೇಗೆ ಅಂತ ತೋರಿಸು ಎಂದುಬಿಡುತ್ತಾಳೆ. ಆ ಹುಡುಗಿ ಬೆಳೆದದ್ದು ನನಗೆ ಕಂಡಿದ್ದು ಅಲ್ಲೇ, ಕೊನೆಯ ದೊಡ್ಡ ಘಟನೆಯಲ್ಲಲ್ಲ. ಆ ಘಟನೆ ತುಸು ಅವಸರದ್ದು ಅಂತಲೂ ಅನ್ನಿಸಿತು. ಏನದು ಅಂತ ಓದದವರಿಗೆ ಹೇಳಲ್ಲ ಬಿಡಿ.