15 ವರ್ಷದ ಪಿಕಪ್ ಗುಜರಿಗೇ ಹೋಗಬೇಕಾ?

'15 ವರ್ಷ ದಾಟಿದ ಗಾಡಿ ಕಡ್ಡಾಯವಾಗಿ ಗುಜರಿಗೆ, ರಿಪೇರಿಗೆ ದುಡ್ಡು ಹಾಕಬೇಡಿ' ಎಂಬ ವಾಟ್ಸಾಪ್ ಸಂದೇಶ ಆಗಾಗ ಬರುತ್ತದೆ. ಅದು ಪೂರ್ತಿ ನಿಜವಲ್ಲ.

ಎರಡು ಬೇರೆ ವಿಷಯಗಳು ಇದರಲ್ಲಿ ಬೆರೆತಿವೆ. ಹಳೆಯ ಡೀಸೆಲ್, ಪೆಟ್ರೋಲ್ ಗಾಡಿಗಳ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ನಿರ್ಬಂಧ ದೆಹಲಿ ಸುತ್ತಮುತ್ತಲಿನದು. 2023ರ ಏಪ್ರಿಲ್‌ನಿಂದ ಬಂದ 15 ವರ್ಷದ ನಿಯಮ ಸರ್ಕಾರಿ ಗಾಡಿಗಳಿಗೆ. ನಮ್ಮೂರಿನ ತರಕಾರಿ ಪಿಕಪ್ ಎರಡಕ್ಕೂ ಸೇರುವುದಿಲ್ಲ, ಅಲ್ವಾ?

ಅದಕ್ಕೆ ಬೇಕಾದದ್ದು ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್. ಬಾಡಿಗೆಗೆ ಓಡುವ ಗಾಡಿಗೆ 8 ವರ್ಷದ ನಂತರ ಪ್ರತಿ ವರ್ಷ. ಗಾಡಿ ಹಳೆಯದಾದಷ್ಟೂ ಶುಲ್ಕ ಜಾಸ್ತಿ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ರಿಪೇರಿಗೆ ಕೈಯಲ್ಲಿ ಹಣ ಕಮ್ಮಿ ಇದ್ದರೆ ಪೇಂಟ್ ಕೊನೆಗೆ. ತುಂಬಾ ಜನ ಸುಮ್ನೆ ಅಲ್ಲಿಂದಲೇ ಶುರು ಮಾಡುತ್ತಾರೆ. ಮೊದಲು ಗಾಡಿಯ ಕೆಳಗೆ ಮಲಗಿ ಚಾಸಿ, ಅಂದರೆ ಇಡೀ ಗಾಡಿ ಹೊರುವ ಅಡಿಯ ಚೌಕಟ್ಟು, ನೋಡಿ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿದಾಗ ತೂತು ಬಿದ್ದರೆ ಆ ಗಾಡಿಗೆ ದುಡ್ಡು ಹಾಕುವುದು ಬೇಡ. ಚಾಸಿ ಗಟ್ಟಿ ಇದ್ದರೆ ಆಮೇಲೆ ಬ್ರೇಕ್, ಸ್ಟೀರಿಂಗ್ ಸಡಿಲ ಇದೆಯಾ, ಟೈರ್, ಲೈಟು, ಹೊಗೆ ನೋಡಿ. ಎಫ್‌ಸಿಯಲ್ಲೂ ನೋಡುವುದು ಹೆಚ್ಚಾಗಿ ಇವನ್ನೇ.

ಗಾಡಿಯ ಹಿಂಬದಿಯ ಹಲಗೆ ಸೊಟ್ಟಗಿದ್ದರೆ ಇನ್ನೊಂದು ವರ್ಷ ಹಾಗೇ ಇರಲಿ ಬಿಡಿ.